ದೊಡ್ಡ ಮಗುವಿನ ಕಡೆಗೂ ಒಂದು ಕಣ್ಣಿರಲಿ

ನಮ್ಮ ಮಳವಳ್ಳಿ ಸೀಮೆಯಲ್ಲಿ ಒಬ್ಬ ಹೆಣ್ಣುಮಗಳಿಗೆ ಎರಡನೇ ಸಲ ಹೊಟ್ಟೆ ಕಾಣಿಸಿಕೊಂಡಿತೆಂದರೆ ಊರಿನವರು ಮೊದಲು ಮಾತಾಡಿಸುವುದು ಅವಳ ಸೊಂಟದ ಮೇಲಿರುವ ಮಗುವನ್ನು. 'ಏನವ್ವಾ, ನಿಮ್ಮವ್ವನ್ ಹೊಟ್ಟೇಲಿ ತಮ್ಮ ಅವ್ನೋ ತಂಗಿ ಅವ್ಳೋ?' ಹಾಲಿನ ಡೈರಿ ಮುಂದೆ, ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ, ಬಸ್‌ ಸ್ಟ್ಯಾಂಡಿನಲ್ಲಿ, ಎಲ್ಲಿ ನೋಡಿದರೂ ಇದೇ ಪ್ರಶ್ನೆ. ಎಳೆ ಮಕ್ಕಳ ಬಾಯಲ್ಲಿ ಬಂದ ಮಾತು ಸುಳ್ಳಾಗುವುದಿಲ್ಲ ಎಂಬ ನಂಬಿಕೆ. ಮಗು 'ತಮ್ಮ' ಎಂದರೆ ಬಾಚಿ ತಬ್ಬಿ ಮುತ್ತು ಕೊಡುತ್ತಾರೆ. 'ತಂಗಿ' ಎಂದರೆ 'ಥೂ, ಬುಡ್ತು ಅನ್ನು' ಎನ್ನುತ್ತಾರೆ. ಎರಡು ದಿನ ಕಳೆಯುವುದರೊಳಗೆ ಯಾವ ಉತ್ತರ ಹೇಳಬೇಕೆಂದು ಮಗುವಿಗೆ ಗೊತ್ತಾಗಿಬಿಡುತ್ತದೆ. ಅದು ಹೆಣ್ಣು ಮಗುವಾಗಿದ್ದರೆ ಇನ್ನೊಂದು ವಿಷಯವೂ ಗೊತ್ತಾಗುತ್ತದೆ. ತನ್ನಂಥವಳು ಇನ್ನೊಬ್ಬಳು ಈ ಮನೆಗೆ ಬೇಡ ಎಂದು.

ನಾನು ಉಪಕೇಂದ್ರದಲ್ಲಿ ಆರೋಗ್ಯ ಸಹಾಯಕಿ, ಊರವರ ಬಾಯಲ್ಲಿ ನರ್ಸಮ್ಮ. ತಾಯಿ ಕಾರ್ಡ್ ಬರೆಯುವುದು, ಬಿ.ಪಿ. ನೋಡುವುದು, ಚುಚ್ಚುಮದ್ದು ಹಾಕುವುದು, ಆಶಾ ಕಾರ್ಯಕರ್ತೆಯರ ಜತೆ ಬಾಣಂತಿ ಮನೆಗಳಿಗೆ ಹೋಗಿ ಬರುವುದು ನನ್ನ ಕೆಲಸ. ಎರಡನೇ ಮಗು ಬರುವ ಮನೆಗಳನ್ನು ಒಳಗಿನಿಂದ ನೋಡುತ್ತಾ ಬಂದಿದ್ದೇನೆ. ಎರಡನೆಯದಕ್ಕೆ ತೊಟ್ಟಿಲು ಕೇಳಿ ತರುತ್ತಾರೆ, ಹಳೆಯ ಸೀರೆ ಹರಿದು ಬಟ್ಟೆ ಮಡಗುತ್ತಾರೆ, ಹೆಸರೂ ಹುಡುಕುತ್ತಾರೆ. ಅಷ್ಟೆಲ್ಲ ಮಾಡುವ ಮನೆಯಲ್ಲಿ ಇಬ್ಬರ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಒಬ್ಬಳು ಹೊರುವ ತಾಯಿ, ಇನ್ನೊಂದು ದೊಡ್ಡದಾಗಿಬಿಟ್ಟ ಮೊದಲ ಮಗು.

ತಾಯಿಯ ವಿಷಯ ಮೊದಲು ಹೇಳುತ್ತೇನೆ. ಚೊಚ್ಚಲು ಬಸುರಿಯನ್ನು ಮನೆ ತುಂಬ ಅಕ್ಕರೆಯಿಂದ ನೋಡಿಕೊಳ್ಳುತ್ತದೆ. ಬಳೆ ತೊಡಿಸುತ್ತಾರೆ, ಮಡಿಲು ತುಂಬುತ್ತಾರೆ, ಬಯಕೆ ಕೇಳುತ್ತಾರೆ, ತವರಿನಿಂದ ಅಣ್ಣ ತಮ್ಮಂದಿರು ಬಂದು ಕರೆದುಕೊಂಡು ಹೋಗುತ್ತಾರೆ. ಎರಡನೆಯದಕ್ಕೆ 'ಅವಳಿಗೇನು, ಗೊತ್ತಿರೋದೇ ತಾನೆ' ಎಂಬ ಒಂದು ಮಾತಿನಲ್ಲಿ ಎಲ್ಲವೂ ಮುಗಿಯುತ್ತದೆ. ಏಳು ತಿಂಗಳ ಬಸುರಿ ಒಂದು ಕಂಕುಳಲ್ಲಿ ಮಗು, ತಲೆ ಮೇಲೆ ಸೀಮೆಹುಲ್ಲಿನ ಹೊರೆ ಹೊತ್ತು ಗದ್ದೆ ಬದುವಿನ ಮೇಲೆ ಬರುವುದನ್ನು ನೋಡಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಮೊದಲ ಹೆರಿಗೆಯಲ್ಲಿ ಹೋದ ರಕ್ತ, ಎದೆಹಾಲು ಕುಡಿಸಿದ ತಿಂಗಳುಗಳು, ನಿದ್ದೆಗೆಟ್ಟ ರಾತ್ರಿಗಳು ಇವೆಲ್ಲ ಸೇರಿ ಮೈಯಲ್ಲಿ ಕಬ್ಬಿಣಾಂಶ ಇಳಿದಿರುತ್ತದೆ. ಆ ಸಾಲ ತೀರುವ ಮೊದಲೇ ಎರಡನೆಯದು ನಿಂತಿರುತ್ತದೆ. ಹಿಮೋಗ್ಲೋಬಿನ್ 11 ಗ್ರಾಂಗಿಂತ ಕೆಳಗಿದ್ದರೆ ಬಸುರಿಗೆ ರಕ್ತಹೀನತೆ, 7ಕ್ಕಿಂತ ಕೆಳಗಿಳಿದರೆ ಜೀವಕ್ಕೇ ಅಪಾಯ. ಅದಕ್ಕೇ ಒಂದು ಹೆರಿಗೆಯಾದ ಮೇಲೆ ಕಡಿಮೆಯೆಂದರೆ ಎರಡು ವರ್ಷ ಬಿಟ್ಟು ಮುಂದಿನದಕ್ಕೆ ನಿಲ್ಲಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು.

ಎರಡನೇ ಬಸುರಿಗೆ ಹೇಳುವ ಮಾತುಗಳು ಹೊಸವೇನಲ್ಲ. ಮೂರು ತಿಂಗಳು ತುಂಬುವುದರೊಳಗೆ ಬಂದು ಹೆಸರು ಬರೆಸಬೇಕು. ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ 180 ಕಬ್ಬಿಣದ ಮಾತ್ರೆ, ಹೆರಿಗೆಯಾದ ಮೇಲೆ ಮತ್ತೆ 180. ಮೊದಲ ಬಸಿರಿನಲ್ಲಿ ಟಿ.ಡಿ. ಚುಚ್ಚುಮದ್ದು ಪೂರ್ತಿ ಹಾಕಿಸಿಕೊಂಡು ಮೂರು ವರ್ಷದೊಳಗೆ ಮತ್ತೆ ಬಸಿರಾಗಿದ್ದರೆ ಈ ಸಲ ಒಂದೇ ಸಾಕು. ಹಳೆಯ ತಾಯಿ ಕಾರ್ಡನ್ನು ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟಿರಬೇಕೆಂದು ನಾವು ಬಾಯಿ ನೋಯುವಂತೆ ಹೇಳುವುದು ಇದಕ್ಕಾಗಿಯೇ. ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರನ್ನು ಡಾಕ್ಟರೇ ಪರೀಕ್ಷೆ ಮಾಡುತ್ತಾರೆ, ದುಡ್ಡಿಲ್ಲ. ಮೊದಲನೆಯದು ಆಪರೇಷನ್ ಹೆರಿಗೆ ಆಗಿದ್ದವರು ಆ ದಿನವನ್ನು ಯಾವ ಕಾರಣಕ್ಕೂ ತಪ್ಪಿಸಬಾರದು. 2017ರ ಅಕ್ಟೋಬರ್ 2ರಿಂದ ರಾಜ್ಯದಲ್ಲಿ ಮಾತೃಪೂರ್ಣ ಯೋಜನೆ ನಡೆಯುತ್ತಿದೆ. ಅದರಲ್ಲಿ ಬಸುರಿ ಬಾಣಂತಿಯರಿಗೆ ಮಧ್ಯಾಹ್ನ ಅಂಗನವಾಡಿಯಲ್ಲಿ ಬಿಸಿಯೂಟ, ಮೊಟ್ಟೆ, ಹಾಲು ಸಿಗುತ್ತದೆ. ನಾನು ಎಲ್ಲರಿಗೂ ಹೇಳುವುದು ಒಂದೇ. ದೊಡ್ಡ ಮಗುವಿನ ಕೈ ಹಿಡಿದುಕೊಂಡು ಅಲ್ಲಿಗೇ ಬಂದುಬಿಡಿ, ಇಬ್ಬರೂ ಕೂತು ಉಣ್ಣಿ. ಮನೆಯಲ್ಲಾದರೆ ಎಲ್ಲರಿಗೂ ಬಡಿಸಿ ಮಿಕ್ಕಿದ್ದನ್ನು ತಿನ್ನುವ ಹೆಂಗಸು, ಇಲ್ಲಿಯಾದರೂ ತನ್ನ ತಟ್ಟೆಯದನ್ನು ತಾನು ಉಣ್ಣುತ್ತಾಳೆ.

ಹೆರಿಗೆ ನೋವಿನ ವಿಷಯದಲ್ಲಿ ಮನೆಯವರು ತಿಳಿದಿರಬೇಕಾದ ಒಂದು ಮಾತಿದೆ. ಎರಡನೇ ಹೆರಿಗೆ ಸಾಮಾನ್ಯವಾಗಿ ಮೊದಲನೆಯದಕ್ಕಿಂತ ಬೇಗ ಆಗುತ್ತದೆ. 'ಮೊದ್ಲುನ್ ಸಲ ಒಂದ್ ರಾತ್ರಿ ಪೂರ್ತಿ ನೋವು ತಿಂದಿದ್ಲು, ಈಗ್ಲೇ ಯಾಕೆ' ಎಂದು ಕೂತವರು ದಾರಿಯಲ್ಲೇ ಹೆರಿಗೆ ಮಾಡಿಸಿಕೊಂಡ ಉದಾಹರಣೆಗಳು ಇವೆ. ಕಬ್ಬು ಅರೆಯುವ ಕಾಲದಲ್ಲಿ ಕೆ.ಎಂ. ದೊಡ್ಡಿ ಕಡೆಯ ರಸ್ತೆಗಳಲ್ಲಿ ಕಬ್ಬಿನ ಟ್ರ್ಯಾಕ್ಟರ್‌ಗಳು ಹೇಗೆ ನಿಂತಿರುತ್ತವೆ ಎಂದು ಗೊತ್ತಿದ್ದವರಿಗೆ ಬಿಡಿಸಿ ಹೇಳಬೇಕಿಲ್ಲ. ನೋವು ಶುರುವಾದ ಕೂಡಲೇ 108ಕ್ಕೆ ಫೋನ್ ಮಾಡಿ. ಆ ಹೊತ್ತಿನಲ್ಲಿ ದೊಡ್ಡ ಮಗು ಯಾರ ಹತ್ತಿರ ಮಲಗಬೇಕು ಎಂಬುದನ್ನು ಒಂದು ತಿಂಗಳ ಮೊದಲೇ ಗೊತ್ತು ಮಾಡಿಕೊಳ್ಳಿ, ಅಭ್ಯಾಸವನ್ನೂ ಮಾಡಿಸಿ. ನಡುರಾತ್ರಿ ಎದ್ದು ಅವ್ವ ಕಾಣದೆ ಅತ್ತ ಮಗುವಿಗೆ ಆ ಹೆದರಿಕೆ ಬಹಳ ದಿನ ಬಿಡುವುದಿಲ್ಲ.

ಹೆರಿಗೆಯಾದ ಮೇಲೆ ಎರಡನೇ ಬಾಣಂತಿ 'ಮೊದ್ಲುನ್ ಸಲ ಹಿಂಗಿರ್ನಿಲ್ಲ ಸಿಸ್ಟರ್, ಮೊಗ ಹಾಲು ಕುಡಿವಾಗ ಹೊಟ್ಟೆ ಹಿಂಡ್ತದೆ' ಎಂದು ಗಾಬರಿಯಾಗುತ್ತಾಳೆ. ಮಗು ಚೀಪಿದಾಗ ಗರ್ಭಕೋಶ ಕುಗ್ಗಿ ತನ್ನ ಜಾಗಕ್ಕೆ ಮರಳುತ್ತದೆ, ಎರಡನೇ ಹೆರಿಗೆಯಲ್ಲಿ ಆ ನೋವು ಜಾಸ್ತಿ. ಕೆಲವು ದಿನದಲ್ಲಿ ತಾನಾಗಿ ನಿಲ್ಲುತ್ತದೆ, ಹಾಲು ಕುಡಿಸುವುದನ್ನು ಬಿಡಬಾರದು. ಜ್ವರ ಬಂದರೆ, ಕೆಟ್ಟ ವಾಸನೆಯ ಸ್ರಾವ ಇದ್ದರೆ, ರಕ್ತ ನಿಲ್ಲದಿದ್ದರೆ ಮಾತ್ರ ಕೂಡಲೇ ಆಸ್ಪತ್ರೆ.

ಇನ್ನು ದೊಡ್ಡ ಮಗು. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವನ್ನು ನೋಡಲು ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಹೋಗಬೇಕೆಂದು ನಿಯಮವಿದೆ. ಕಿರುಗಾವಲು ಕಡೆಯ ಒಂದು ಮನೆಗೆ ಅಂಥ ಭೇಟಿಗೆ ನಾನೂ ಹೋಗಿದ್ದೆ. ಒಳಕೋಣೆಯಲ್ಲಿ ಬಾಣಂತಿ ಕಿವಿಗೆ ಹತ್ತಿ ಇಟ್ಟುಕೊಂಡು, ತಲೆಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ದಳು. ಸಾಂಬ್ರಾಣಿ ಹೊಗೆ ಇನ್ನೂ ಆರಿರಲಿಲ್ಲ. ಆಶಾ ತಕ್ಕಡಿಯ ಜೋಲಿಯಲ್ಲಿ ಕೂಸನ್ನು ಇಟ್ಟು ಎತ್ತಿ ಹಿಡಿದರೆ ಎರಡೂ ಮುಕ್ಕಾಲು ಕೆ.ಜಿ., ಎಲ್ಲರಿಗೂ ಸಂತೋಷ. ಬಾಗಿಲ ಹಿಂದೆ ನಿಂತಿದ್ದ ಮೂರು ವರ್ಷದ ಅಕ್ಕ ಮೆಲ್ಲಗೆ ಬಂದು ಆ ಜೋಲಿಯನ್ನು ಹಿಡಿದುಕೊಂಡು 'ನನ್ನೂ ತೂಗು' ಎಂದಳು. ಅಜ್ಜಿ ಗದರಿದರು. ಆ ತಕ್ಕಡಿ ಎಳೆಗೂಸಿಗಷ್ಟೆ ಆಗುವುದು. ಸಮಾಧಾನಕ್ಕೆ ನಾನು ಚೀಲದಿಂದ ತೋಳಿನ ಸುತ್ತಳತೆ ನೋಡುವ ಬಣ್ಣದ ಪಟ್ಟಿ ತೆಗೆದು 'ಬಾ ಕಂದ, ನಿನಗೆ ಬಳೆ' ಎಂದು ಅವಳ ತೋಳಿಗೆ ಸುತ್ತಿದೆ. ಹಸಿರು ದಾಟಿ ಹಳದಿಗೆ ಬಂದು ನಿಂತಿತು.

ಆರು ತಿಂಗಳಿನಿಂದ ಐದು ವರ್ಷದ ಮಕ್ಕಳಿಗೆ ತೋಳು 12.5 ಸೆಂಟಿಮೀಟರ್ ಇಲ್ಲವೆ ಅದಕ್ಕಿಂತ ಹೆಚ್ಚಿದ್ದರೆ ಹಸಿರು, 11.5ರಿಂದ 12.5ರ ನಡುವೆ ಹಳದಿ, ಅದಕ್ಕೂ ಕಡಿಮೆಯಾದರೆ ಕೆಂಪು. ಹಳದಿ ಎಂದರೆ ಮಗು ಸೊರಗುತ್ತಿದೆ ಎಂದರ್ಥ. ಆ ಮನೆಯಲ್ಲಿ ಉಣ್ಣುವುದಕ್ಕೆ ಕೊರತೆಯಿರಲಿಲ್ಲ. ಗದ್ದೆಯಿದೆ, ಎರಡು ಹಸುವಿದೆ, ಹಿತ್ತಲಲ್ಲಿ ಕೋಳಿಯಿದೆ. ವಿಚಾರಿಸಿದರೆ, ಅವ್ವ ಬಸಿರಾದಾಗ ಬೇವು ಹಚ್ಚಿ ಹಾಲು ಬಿಡಿಸಿದ್ದರು. ಆಮೇಲೆ ಅವ್ವನಿಗೆ ವಾಂತಿ, ಸುಸ್ತು. ತಟ್ಟೆ ಮುಂದೆ ಕೂತು ತುತ್ತು ಮಾಡಿ ತಿನ್ನಿಸುವವರು ಇಲ್ಲವಾದರು. ಟೀ ಬಿಸ್ಕತ್ತಿನಲ್ಲೇ ಹೊಟ್ಟೆ ತುಂಬಿಕೊಂಡು ಮಗು ದಿನ ತಳ್ಳಿತ್ತು. ಬಾಣಂತಿಗೆಂದು ಮಾಡಿದ ನಾಟಿ ಕೋಳಿ ಸಾರಿನಲ್ಲಿ ಅವಳ ಪಾಲು ಯಾರಿಗೂ ನೆನಪಾಗಿರಲಿಲ್ಲ.

ಇದು ನಮ್ಮೂರಿನ ಕತೆ ಮಾತ್ರವಲ್ಲ. 1930ರ ದಶಕದಲ್ಲಿ ಈಗಿನ ಘಾನಾ ದೇಶದಲ್ಲಿ ಕೆಲಸ ಮಾಡುತ್ತಿದ್ದ ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ, ಹೊಸ ಮಗು ಬಂದು ಎದೆಹಾಲು ತಪ್ಪಿದ ದೊಡ್ಡ ಮಕ್ಕಳೇ ಕೈಕಾಲು ಊದಿಕೊಂಡು ಆಸ್ಪತ್ರೆಗೆ ಬರುವುದನ್ನು ಗಮನಿಸಿ 1933ರಲ್ಲಿ ಬರೆದರು. ವೈದ್ಯಲೋಕ ಆ ಕಾಯಿಲೆಯನ್ನು ಗುರುತಿಸಿದ್ದು ಹಾಗೆ. ಹಾಲು ಬಿಟ್ಟ ಮಗುವಿಗೆ ಬದಲಿಗೆ ಸಾಕಷ್ಟು ಸತ್ವದ ಊಟ ಸಿಗಬೇಕು. ಮುದ್ದೆ ಸಾರಿನ ಜತೆ ದಿನಕ್ಕೊಂದು ಮೊಟ್ಟೆ, ಹಾಲು, ಅವರೆ ಹಲಸಂದೆಯಂಥ ಕಾಳು. ಇವು ಯಾವುವೂ ಮಂಡ್ಯ ಜಿಲ್ಲೆಯಲ್ಲಿ ಸಿಗದ ಪದಾರ್ಥಗಳಲ್ಲ. ಕೊಡುವವರ ಗಮನ ಬೇಕು, ಅಷ್ಟೆ. ಆ ಹುಡುಗಿಯನ್ನು ತಾತನ ಸುಪರ್ದಿಗೆ ಒಪ್ಪಿಸಿ ಬಂದೆ. ಮೂರು ಹೊತ್ತೂ ಅವರೇ ಪಕ್ಕದಲ್ಲಿ ಕೂರಿಸಿಕೊಂಡು ತಿನ್ನಿಸಿದರು. ಮುಂದೆ ಅಳೆದಾಗ ಪಟ್ಟಿ ಹಸಿರಿಗೆ ಬಂದಿತ್ತು.

ದೊಡ್ಡ ಮಗು ಮತ್ತೆ ಹಾಸಿಗೆ ಒದ್ದೆ ಮಾಡುವುದು, ತೊದಲುವುದು, ಕೂಸಿನ ಕಾಲು ಚಿವುಟುವುದು, ತಾನೂ ತೊಟ್ಟಿಲಲ್ಲಿ ಮಲಗುತ್ತೇನೆಂದು ಹಟ ಮಾಡುವುದು, ಇವನ್ನೆಲ್ಲ ಹೊಟ್ಟೆಕಿಚ್ಚು ಎಂದು ಹೊಡೆದು ಬಿಡಿಸಲು ಹೋಗಬೇಡಿ. ಅವ್ವನ ಮಗ್ಗುಲಲ್ಲಿ ಮಲಗುತ್ತಿದ್ದ ಮಗುವನ್ನು ಒಂದೇ ದಿನದಲ್ಲಿ 'ನೀನೀಗ ದೊಡ್ಡೋಳು' ಎಂದು ಆಚೆ ಕಳಿಸಿದರೆ ಅದು ಇನ್ನು ಹೇಗೆ ತಾನೆ ತನ್ನ ಸಂಕಟ ಹೇಳಿಕೊಳ್ಳಬೇಕು? ಬಾಣಂತಿ ಕೋಣೆಗೆ ಅದನ್ನು ಬಿಡಿ. ಕೈ ತೊಳೆಸಿ ಕೂಸಿನ ಪಾದ ಮುಟ್ಟಿಸಿ. ಕೂಸು ನಿದ್ದೆ ಹೋದಾಗ ಅವ್ವ ಸ್ವಲ್ಪ ಹೊತ್ತು ದೊಡ್ಡದನ್ನೇ ತಬ್ಬಿಕೊಂಡು ಮಲಗಲಿ. ಹೊರಗೆ ಅಡ್ಡಾಡಿಸುವುದು, ಸ್ನಾನ ಮಾಡಿಸುವುದು, ಶಾಲೆಗೆ ಬಿಡುವುದು ಅಪ್ಪನ ಕೆಲಸವಾಗಲಿ. ಅಪ್ಪನ ಹೆಗಲಿಗೆ ಮಗು ಅಂಟಿಕೊಳ್ಳುವ ಕಾಲ ಇದು. ಇದನ್ನು ಕಳೆದುಕೊಂಡ ಗಂಡಸರಿಗೆ ಅದು ಮತ್ತೆ ಸಿಗುವುದಿಲ್ಲ.

ಬಾಣಂತನ ನಮ್ಮ ಹಿರಿಯರು ಮಾಡಿಟ್ಟ ಒಳ್ಳೆಯ ಏರ್ಪಾಡು. ಎಣ್ಣೆ ನೀರು, ಬಿಸಿ ಊಟ, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು, ಎಲ್ಲಕ್ಕಿಂತ ಹೆಚ್ಚಾಗಿ ನಿದ್ದೆ. ಮೊದಲನೆಯದಕ್ಕೆ ಐದು ತಿಂಗಳು ತವರಿನಲ್ಲಿದ್ದವಳು ಎರಡನೆಯದಕ್ಕೆ ತಿಂಗಳು ತುಂಬುವ ಮೊದಲೇ ಕೊಟ್ಟಿಗೆಗೆ ಇಳಿಯುವುದು ಅನ್ಯಾಯ. ಬೇಡವಾದದ್ದು ಮುಚ್ಚಿದ ಕೋಣೆಯೊಳಗಿನ ಕೆಂಡದ ಹೊಗೆ, ಕೂಸಿನ ಬಾಯಿಗೆ ಹಚ್ಚುವ ಜೇನು, ಬಜೆ. ಆರು ತಿಂಗಳು ತಾಯಿ ಹಾಲೊಂದೇ ಸಾಕು. ಮದ್ದೂರು ಕಡೆ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು ಗಮನಿಸಿ, 2017ರ ತಿದ್ದುಪಡಿಯಂತೆ ಮೊದಲ ಎರಡು ಮಕ್ಕಳಿಗೂ 26 ವಾರ ಸಂಬಳದ ಹೆರಿಗೆ ರಜೆ ನಿಮ್ಮ ಹಕ್ಕು.

ಈಗ ಕಷ್ಟದ ಮಾತು. ನಮ್ಮ ಜಿಲ್ಲೆಯಲ್ಲಿ ಮೊದಲನೆಯದು ಹೆಣ್ಣಾಗಿದ್ದರೆ ಎರಡನೇ ಬಸಿರು ಹೆದರಿಕೆಯ ಬಸಿರು. 2011ರ ಜನಗಣತಿಯಲ್ಲಿ ಮಂಡ್ಯ ಜಿಲ್ಲೆಯ ಆರು ವರ್ಷದೊಳಗಿನ ಮಕ್ಕಳಲ್ಲಿ 1000 ಗಂಡಿಗೆ 939 ಹೆಣ್ಣು, ರಾಜ್ಯದ ಸರಾಸರಿ 948. 2023ರ ಕೊನೆಯಲ್ಲಿ ಬೆಂಗಳೂರಿನ ಪೊಲೀಸರು ಭೇದಿಸಿದ ಭ್ರೂಣಲಿಂಗ ಪತ್ತೆ ಜಾಲದಲ್ಲಿ ಹುಲ್ಲೇನಹಳ್ಳಿ, ಹಾಡ್ಯದ ಬಳಿಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ನಡೆಯುತ್ತಿದ್ದದ್ದು ಹೊರಬಂತು. ಬೆಲ್ಲ ಬೇಯಿಸುವ ಜಾಗದಲ್ಲಿ! ಆ ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅದೇ ವರ್ಷದ ಫೆಬ್ರವರಿಯಲ್ಲಿ ಮದುವೆಗೆ ಹೆಣ್ಣು ಸಿಗದ ನಮ್ಮ ರೈತ ಯುವಕರು ಕೆ.ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟಿದ್ದರು. ರೈತನಿಗೆ ಹೆಣ್ಣು ಕೊಡದಿರುವುದಕ್ಕೆ ಬೇರೆ ಕಾರಣಗಳೂ ಇವೆ, ಒಪ್ಪುತ್ತೇನೆ. ಆದರೆ ಹುಟ್ಟಲೇ ಬಿಡದ ಹೆಣ್ಣನ್ನು ಯಾವ ದೇವರು ತಂದುಕೊಡುತ್ತಾನೆ?

ಭ್ರೂಣಲಿಂಗ ಪತ್ತೆ ತಡೆ ಕಾಯ್ದೆ 1994ರದು. ಕೇಳುವುದೂ ಅಪರಾಧ, ಹೇಳುವುದೂ ಅಪರಾಧ. ಬಸುರಿಯನ್ನು ಗಂಡ ಅಥವಾ ಮನೆಯವರೇ ಒತ್ತಾಯಿಸಿದ್ದಾರೆ ಎಂದೇ ಕಾನೂನು ಮೊದಲು ಭಾವಿಸುತ್ತದೆ. ನನಗೆ ಅದು ಬಹಳ ತಿಳಿವಳಿಕೆಯ ಮಾತೆನಿಸುತ್ತದೆ, ಏಕೆಂದರೆ ನಾನು ನೋಡಿದ ಮನೆಗಳಲ್ಲಿ ನಡೆಯುವುದೂ ಅದೇ. ಮಗು ಗಂಡೋ ಹೆಣ್ಣೋ ಎಂಬುದು ತಂದೆಯ ವೀರ್ಯಾಣುವಿನಿಂದ ತೀರ್ಮಾನವಾಗುತ್ತದೆ. ಬೈಗುಳ ಮಾತ್ರ ಹೆತ್ತವಳಿಗೆ. ನನಗೂ ಇಬ್ಬರು ಹೆಣ್ಣುಮಕ್ಕಳು. ಎರಡನೆಯವಳು ಹುಟ್ಟಿದಾಗ ನೋಡಲು ಬಂದವರೊಬ್ಬರು 'ಹೋಗ್ಲಿ ಬುಡು, ಮುಂದ್ಲುದ್ದು ಗಂಡಾಯ್ತದೆ' ಎಂದರು. ನಮ್ಮ ಅತ್ತೆ ಸಕ್ಕರೆ ಡಬ್ಬ ಅವರ ಮುಂದೆ ಹಿಡಿದು 'ಮುಂದ್ಲುದ್ದು ಇಲ್ಲ ಕಣಕ್ಕ, ಬಾಯ್ ಸೀ ಮಾಡ್ಕೊ' ಎಂದರು. ಆ ಮಾತು ಕೇಳಿದ ದೊಡ್ಡ ಮಗಳು ತಾನೂ ಒಂದು ಮುಷ್ಟಿ ಸಕ್ಕರೆ ತೆಗೆದುಕೊಂಡು ಕುಣಿದಳು. ಒಬ್ಬ ಅತ್ತೆಯ ಒಂದು ಮಾತಿಗೆ ನಮ್ಮ ಎಲ್ಲ ಗೋಡೆ ಬರಹಗಳಿಗಿಂತ ಹೆಚ್ಚು ಶಕ್ತಿ ಇದೆ.

ಎರಡನೆಯದು ಹೆಣ್ಣಾದರೆ ಪ್ರಧಾನ ಮಂತ್ರಿ ಮಾತೃವಂದನಾ ಯೋಜನೆಯಲ್ಲಿ ಅರ್ಹ ಕುಟುಂಬದ ತಾಯಿಗೆ 6000 ರೂಪಾಯಿ ಬರುತ್ತದೆ, 2022ರ ಏಪ್ರಿಲ್ 1ರ ನಂತರ ಹುಟ್ಟಿದವರಿಗೆ. ಅಂಗನವಾಡಿಯಲ್ಲಿ ಕೇಳಿ ಅರ್ಜಿ ಹಾಕಿ. ಇಬ್ಬರೇ ಸಾಕು ಎಂದರೆ ಗಂಡಸರಿಗೂ ಆಪರೇಷನ್ ಇದೆ, ಹೆಂಗಸರದಕ್ಕಿಂತ ಸುಲಭ, ಹೊಲಿಗೆಯೂ ಇಲ್ಲ. ಆ ಮಾತೆತ್ತಿದರೆ ಜಗುಲಿ ಮೇಲಿನ ಗಂಡಸರೆಲ್ಲ ಎದ್ದು ಹೋಗುತ್ತಾರೆ. ದಯವಿಟ್ಟು ಕೂತು ಕೇಳಿ.

ಕೂಸು ನೋಡಲು ಹೋಗುವವರಲ್ಲಿ ನನ್ನದೊಂದು ಕೋರಿಕೆ. ಬೇಬಿ ಸೋಪು, ಪೌಡರ್, ಫ್ರಾಕು ಆ ಮನೆಯಲ್ಲಿ ಆಗಲೇ ರಾಶಿ ಬಿದ್ದಿರುತ್ತದೆ. ನೀವು ಒಂದು ಡಜನ್ ಮೊಟ್ಟೆ ತೆಗೆದುಕೊಂಡು ಹೋಗಿ, ದೊಡ್ಡ ಮಗುವಿನ ಹೆಸರು ಹೇಳಿ ಕೊಟ್ಟು ಬನ್ನಿ.