ಆರೋಪಿಯ ಮೇಲೆ ಗುಂಡು: ಕಾನೂನು ಎಲ್ಲಿಯವರೆಗೆ ಒಪ್ಪುತ್ತದೆ?

ಪ್ರಶ್ನೆ: ಬಂಧಿಸಲು ಹೋದಾಗ ತಿರುಗಿಬೀಳುವ ಆರೋಪಿಯನ್ನು ಪೊಲೀಸರು ಗುಂಡಿಕ್ಕಿ ಕೊಲ್ಲಬಹುದೇ?

ಉತ್ತರ: ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 43ನೆಯ ಕಲಮು ಬಂಧನವನ್ನು ಬಲಪ್ರಯೋಗದಿಂದ ವಿರೋಧಿಸುವವನ ಅಥವಾ ತಪ್ಪಿಸಿಕೊಳ್ಳಲು ಯತ್ನಿಸುವವನ ಮೇಲೆ ಅಗತ್ಯ ಬಲವನ್ನು ಬಳಸಲು ಅನುಮತಿ ನೀಡುತ್ತದೆಯಾದರೂ, ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಗೆ ಅರ್ಹವಾದ ಅಪರಾಧದ ಆರೋಪವಿಲ್ಲದವನ ಸಾವಿಗೆ ಕಾರಣವಾಗುವ ಹಕ್ಕನ್ನು ಅದು ಕೊಡುವುದಿಲ್ಲ. ಇದರ ಜೊತೆಗೆ ಪೊಲೀಸರಿಗೂ ಸಾಮಾನ್ಯ ಪ್ರಜೆಗಿರುವ ಆತ್ಮರಕ್ಷಣೆಯ ಹಕ್ಕು, ಅಂದರೆ ಎದುರಾದ ಅಪಾಯವನ್ನು ತಡೆಯಲು ಬೇಕಾದಷ್ಟೇ ಹಾನಿಮಾಡುವ ಹಕ್ಕು, ಇದೆ.

2025ರ ಏಪ್ರಿಲ್ 13ರಂದು ಹುಬ್ಬಳ್ಳಿಯಲ್ಲಿ ಐದು ವರ್ಷದ ಬಾಲಕಿಯ ಕೊಲೆಯಾಗಿ, ಅದೇ ದಿನ ಆರೋಪಿಯು ಪೊಲೀಸರ ಮೇಲೆ ಹಲ್ಲೆ ನಡೆಸಿ ಓಡಲು ಯತ್ನಿಸಿದನೆಂಬ ಕಾರಣಕ್ಕೆ ಗುಂಡಿಗೆ ಬಲಿಯಾದಾಗ, ನಗರದ ಜನರ ಆಕ್ರೋಶ ಮೆಚ್ಚುಗೆಯಾಗಿ ತಿರುಗಿತು. ಆ ಆಕ್ರೋಶ ಸಹಜವಾದುದು. ಆದರೆ ಮೆಚ್ಚುಗೆಯು ತನಿಖೆಯ ಸ್ಥಾನವನ್ನು ತುಂಬಲಾರದು. ಪ್ರಕರಣವು ಸಿಐಡಿಗೆ ಹೋಯಿತು, ಉಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು.

ಹೀಗೇಕೆಂದರೆ, ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರಲ್ಲಿ ವಿಧಿಸಿದ 16 ಸೂಚನೆಗಳ ಪ್ರಕಾರ, ‘ಎನ್‌ಕೌಂಟರ್’ ಎಂದು ಕರೆಯಲಾಗುವ ಇಂಥ ಸಾವಿನಲ್ಲಿ ಎಫ್‌ಐಆರ್ ದಾಖಲಾಗಬೇಕು, ಸಿಐಡಿ ಅಥವಾ ಬೇರೊಂದು ಠಾಣೆಯ ತಂಡ ತನಿಖೆ ಮಾಡಬೇಕು, ಇಬ್ಬರು ವೈದ್ಯರು ಮರಣೋತ್ತರ ಪರೀಕ್ಷೆ ನಡೆಸಬೇಕು, ಮ್ಯಾಜಿಸ್ಟ್ರೇಟರ ವಿಚಾರಣೆಯೂ ಆಗಬೇಕು. ಶೌರ್ಯವು ಸಂದೇಹಕ್ಕೆಡೆಯಿಲ್ಲದಂತೆ ಸಾಬೀತಾಗುವವರೆಗೆ ಗುಂಡು ಹಾರಿಸಿದ ಅಧಿಕಾರಿಗೆ ಬಡ್ತಿಯನ್ನಾಗಲಿ ಶೌರ್ಯ ಪ್ರಶಸ್ತಿಯನ್ನಾಗಲಿ ತಕ್ಷಣ ನೀಡಕೂಡದೆಂಬ ಸೂಚನೆಯೇ ಇವುಗಳಲ್ಲಿ ಹೆಚ್ಚು ದೂರದೃಷ್ಟಿಯುಳ್ಳದ್ದು.