‘ಪರ್ವೇಡ್’ ಅಂದ್ರೆ ಬರೀ ಹರಡೋದಲ್ಲ: ಪರೀಕ್ಷೆಗೆ ಓದೋರು ಗಮನಿಸಿ

ಗೋಕಾಕ: ಕರದಂಟು ಮಾಡೋ ಮನಿಯೊಳಗ ತುಪ್ಪದಾಗ ಅಂಟು ಕರಿಯಾಕ ಹತ್ತಿದ್ರ ಸಾಕು, ಅಡುಗಿಮನಿ, ಪಡಸಾಲಿ ಎಲ್ಲಾ ಕಡೆ ಅದೇ ಘಮ. ಹೀಗೆ ಮೂಲೆ ಮೂಲೆಯನ್ನೂ ತುಂಬಿಕೊಳ್ಳುವುದಕ್ಕೆ ಇಂಗ್ಲಿಷಿನಲ್ಲಿ ‘ಪರ್ವೇಡ್’ ಎಂಬ ಕ್ರಿಯಾಪದವಿದೆ. ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದಲ್ಲಿ ಬ್ಯಾಂಕ್, ಎಸ್‌ಎಸ್‌ಸಿ ಪರೀಕ್ಷೆಗೆ ಓದುವ ಅನೇಕರು ಇದಕ್ಕೆ ‘ಹರಡು’ ಎಂದಷ್ಟೇ ಅರ್ಥ ಬರೆದಿಟ್ಟುಕೊಳ್ಳುತ್ತಾರೆ. ಅಂಕ ಹೋಗೋದು ಅಲ್ಲೇ.

ಯಾಕಂದ್ರೆ ‘ಹರಡು’ ಅಂದಕೂಡಲೇ ‘ಮನೆಯಲ್ಲಿ ಹರಡಿತು’ ಎಂದು ಯೋಚಿಸುತ್ತೇವೆ, ‘ಪರ್ವೇಡೆಡ್ ಇನ್ ದ ಹೌಸ್’ ಅಂತ ಬರೆದುಬಿಡ್ತೇವೆ. ಇದು ತಪ್ಪು. ‘ದ ಸ್ಮೆಲ್ ಪರ್ವೇಡೆಡ್ ದ ಹೌಸ್’ ಸರಿ. ನಡುವೆ ‘ಇನ್’ ಬರುವುದಿಲ್ಲ. ನೆನಪಿಡೋಕೆ ‘ಆವರಿಸು’ ಎಂಬ ನಮ್ಮ ಪದವೇ ಸಾಕು. ‘ವಾಸನೆ ಮನೆಯನ್ನು ಆವರಿಸಿತು’ ಅಂತೀವಲ್ಲ, ಆ ‘ಅನ್ನು’ ಇರುವ ಕಡೆ ಇಂಗ್ಲಿಷಿನಲ್ಲಿ ನೇರ ಕರ್ಮಪದ ಬರುತ್ತದೆ.

ಇನ್ನೊಂದು ಗೊಂದಲ. ಸುದ್ದಿ ‘ಹಬ್ಬಿಸಿದ’ ಎನ್ನಲು ‘ಹಿ ಪರ್ವೇಡೆಡ್ ದ ನ್ಯೂಸ್’ ಅನ್ನಂಗಿಲ್ಲ, ಅದಕ್ಕೆ ‘ಸ್ಪ್ರೆಡ್’ ಬೇಕು. ಪರ್ವೇಡ್ ಆಗುವುದು ವಾಸನೆ, ಭಯ, ಮೌನ, ಭಾವನೆ, ವಿಚಾರಗಳಂಥವು. ಮನುಷ್ಯರು ಅವನ್ನು ಪರ್ವೇಡ್ ಮಾಡುವುದಿಲ್ಲ.

2019ರ ಆಗಸ್ಟ್ ನೆನಪಿಸಿಕೊಳ್ಳಿ. ಘಟಪ್ರಭಾ ನದಿ ಉಕ್ಕಿ ಗೋಕಾಕ ಪೇಟೆಗೆ ನೀರು ನುಗ್ಗಿತ್ತು. ಆ ನೀರಿಗೆ ‘ಫ್ಲಡೆಡ್ ದ ಟೌನ್’ ಅನ್ನಬೇಕು. ಆದರೆ ಊರವರ ಎದೆಯೊಳಗಿನ ಅಂಜಿಕೆಗೆ ‘ಫಿಯರ್ ಪರ್ವೇಡೆಡ್ ದ ಟೌನ್’. ನೀರು ಇಳಿದ ಮೇಲೂ ಮನಿಯೊಳಗ ಉಳಿಯೋ ರಾಡಿ ವಾಸನಿಗೂ ಇದೇ ಪದ.

ಪದದ ಮೂಲ ಲ್ಯಾಟಿನ್: ‘ಪರ್’ ಅಂದರೆ ಮೂಲಕ, ‘ವಾಡೆರೆ’ ಅಂದರೆ ಹೋಗು. ಅಂದರೆ ಒಳಹೊಕ್ಕು ಹಾಯುವುದು. ಇನ್ವೇಡ್, ಇವೇಡ್ ಕೂಡ ಇದೇ ಬಳ್ಳಿಯ ಕಾಯಿ. ಉಚ್ಚರಿಸುವಾಗ ಒತ್ತು ‘ವೇ’ ಮೇಲೆ ಇರಲಿ. ವಿಶೇಷಣ ರೂಪ ‘ಪರ್ವೇಸಿವ್’. ಎಲ್ಲೆಲ್ಲೂ ಬೇರೂರಿದ ಲಂಚಗುಳಿತನಕ್ಕೆ ಇಂಗ್ಲಿಷ್ ಪತ್ರಿಕೆಗಳು ‘ಪರ್ವೇಸಿವ್ ಕರಪ್ಷನ್’ ಅಂತ ಬರೆಯುತ್ತವೆ. (ಈ ಪದಕ್ಕೆ ಉದಾಹರಣೆ ಹುಡುಕಾಕ ನಾವೇನು ದೂರ ಹೋಗಬೇಕಿಲ್ಲ ಬಿಡ್ರಿ!)

ಆಯ್ಕೆಗಳ ಸಾಲಿನಲ್ಲಿ ಪಕ್ಕದಲ್ಲೇ ‘ಪರ್ಮಿಯೇಟ್’ ಬಂದರೆ? ಎರಡೂ ಹತ್ತಿರದವೇ. ವಾಸನೆಗೆ, ವಿಚಾರಕ್ಕೆ ಎರಡೂ ನಡೆಯುತ್ತವೆ. ಆದರೆ ಮಳೆ ನೀರು ಎರಿ ಹೊಲದ ಮಣ್ಣಿನೊಳಗೆ ನಿಧಾನಕ್ಕೆ ಇಂಗುತ್ತದಲ್ಲ, ಅದಕ್ಕೆ ಪರ್ಮಿಯೇಟ್ ಹಾಕ್ರಿ, ಪರ್ವೇಡ್ ಬ್ಯಾಡ.