ಕ್ಯಾಸಲ್‌ರಾಕ್‌ನ ಸಣ್ಣ ತೊರೆಗಳು

ಮಳೆ ಹೆಚ್ಚಿದಂತೆ ಕಾಡು ಹೇಗೆ ಬದಲಾಗುತ್ತದೆಂದು ಕಣ್ಣಾರೆ ಕಾಣಬೇಕಿದ್ದರೆ ಶ್ರಾವಣದಲ್ಲಿ ಅಳ್ನಾವರದಿಂದ ವಾಸ್ಕೊ ಕಡೆಯ ಗಾಡಿ ಹತ್ತಬೇಕು. ಹಳಿಯಾಳದವರಿಗೆ ಹತ್ತಿರದ ರೈಲು ಅದೇ. ಲೋಂಡಾ, ತಿನೈಘಾಟ್ ದಾಟಿ ಜೋಯಿಡಾ ತಾಲೂಕಿನ ಕ್ಯಾಸಲ್‌ರಾಕ್‌ಗೆ ಸುಮಾರು 60 ಕಿಲೋಮೀಟರ್. ಅಷ್ಟು ದಾರಿಯೊಳಗೆ ಎಲೆ ಉದುರಿಸುವ ಸಾಗವಾನಿ ಕಾಡು ಮುಗಿದು ವರ್ಷವಿಡೀ ಹಸಿರಾಗಿರುವ ಘಟ್ಟದ ಕಾಡು ಶುರುವಾಗುತ್ತದೆ. ಬೆಳಿಗ್ಗೆ ಹೋಗಿ ಸಂಜೆಯ ಗಾಡಿಗೆ ಮರಳುವ ಈ ದಾರಿಗೆ ನಾನು ಒಬ್ಬನೇ ಹೊರಡುತ್ತೇನೆ. ಜೊತೆಗೆ ಯಾರಿದ್ದರೂ ಮಾತಾಡಬೇಕಾಗುತ್ತದೆ. ಕಿಟಕಿಯಾಚೆಯ ಕಾಡು ಅಷ್ಟರಲ್ಲಿ ಹಿಂದೆ ಸರಿದಿರುತ್ತದೆ.

ಅಳ್ನಾವರ

ದಾಂಡೇಲಿಯ ಅಂಬೇವಾಡಿಗೆ ಹೋಗುವ ಹಳಿ ಇಲ್ಲೇ ಕವಲೊಡೆಯುತ್ತದೆ. ದಾಂಡೇಲಿ ಕಾಡಿನ ಮರ ಹೊರಗಿನ ಪೇಟೆಗಳಿಗೆ ಸಾಗಿದ್ದು ಆ ಹಳಿಯ ಮೇಲೆ. ನಿಲ್ದಾಣದಾಚೆ ಭತ್ತದ ಗದ್ದೆ, ಗದ್ದೆಯಂಚಿಗೆ ಸಾಗವಾನಿ. ತುದಿಕೊಂಬೆಗಳಲ್ಲಿ ಬಿಳಿ ಹೂವಿನ ಗೊಂಚಲು ತುಂಬಿತ್ತು. ಮತ್ತಿಮರದ ಸೀಳುಸೀಳಾದ ತೊಗಟೆ ಮಳೆಯಲ್ಲಿ ನೆನೆದು ಕಪ್ಪಾಗಿತ್ತು, ಆದರೆ ಅದರ ಮೇಲೆ ಹಸಿರು ಕಾಣಲಿಲ್ಲ. ಟಿಪ್ಪಣಿ ಪುಸ್ತಕದಲ್ಲಿ ಮೊದಲು ಬರೆದದ್ದು ಇದನ್ನೇ: ಕಾಂಡದ ಮೇಲೆ ಪಾಚಿ ಇಲ್ಲ.

ಈ ದಾರಿಯಲ್ಲಿ ಮರಗಳ ಹೆಸರಿಗಿಂತ ಮೊದಲು ನೋಡಬೇಕಾದದ್ದು ಪಾಚಿಯನ್ನು. ಪಾಚಿಗೆ ನೀರೆಳೆಯುವ ಬೇರಿಲ್ಲ. ಗಾಳಿಯಲ್ಲಿ, ತೊಗಟೆಯ ಮೇಲೆ ಎಷ್ಟು ತೇವವಿದೆಯೋ ಅಷ್ಟೇ ಅದರ ಬದುಕು. ಅದು ಕಾಂಡದಲ್ಲಿ ಎಷ್ಟು ಮೇಲಕ್ಕೇರಿದೆ ಎಂದು ನೋಡಿದರೆ ಆ ಜಾಗದಲ್ಲಿ ತೇವ ಎಷ್ಟು ಕಾಲ ನಿಲ್ಲುತ್ತದೆಂದು ತಿಳಿಯುತ್ತದೆ.

ಲೋಂಡಾ, ತಿನೈಘಾಟ್

ನಾಗರಗಾಳಿ ದಾಟುವ ಹೊತ್ತಿಗೆ ನಂದಿ, ಜಂಬೆ, ಕಿಂದಾಳ ಮರಗಳು ಹೆಚ್ಚಿದವು. ಲೋಂಡಾದಲ್ಲಿ ಗಾಡಿ ನಿಂತಾಗ ನೋಡಿದೆ: ಮಳೆ ಬಡಿಯುವ ಪಡುವಣ ಮಗ್ಗುಲಲ್ಲಿ ಪಾಚಿ ಮೊಣಕಾಲೆತ್ತರಕ್ಕೆ ಬಂದಿತ್ತು. ತಿನೈಘಾಟ್‌ನಲ್ಲಿ ಅದು ಕಾಂಡವನ್ನು ಸುತ್ತುವರಿದು ಮೊದಲ ಕವಲಿನವರೆಗೆ ಏರಿತ್ತು. ಕವಲಿನ ಸಂದಿಯಲ್ಲಿ ಜರಿಗಿಡಗಳು. ಎಲೆಗಳೂ ಬೇರೆ ತೆರ: ತುದಿ ಉದ್ದಕ್ಕೆ ಚೂಪಾಗಿ, ಬಿದ್ದ ನೀರು ನಿಲ್ಲದೆ ತೊಟ್ಟಿಕ್ಕುವಂಥವು. ಸಾಗವಾನಿ ಹಿಂದೆಯೇ ಉಳಿದಿತ್ತು. ನೇರಳೆ, ಮುರುಗಲು, ನಡುನಡುವೆ ಬೈನೆ. ಹಳಿಯ ಬದಿಯ ಹುಲ್ಲಲ್ಲಿ ಕರ್ಣಕುಂಡಲದ ಕಾಡುಬಂಧುಗಳು ಗುಲಾಬಿ ಹೂ ಬಿಟ್ಟಿದ್ದವು.

ಕ್ಯಾಸಲ್‌ರಾಕ್

ಇಲ್ಲಿ ಪಾಚಿ ಕಡ್ಡಿಯ ತುದಿಯವರೆಗೂ ಹಬ್ಬಿದೆ. ನಿಲ್ದಾಣದ ಕಲ್ಲುಗೋಡೆ, ಬೇಲಿಯ ಗೂಟ ಎಲ್ಲದರ ಮೇಲೂ ಅದೇ ಹಸಿರು.

1961ರ ಡಿಸೆಂಬರ್‌ನಲ್ಲಿ ಗೋವಾ ಬಿಡುಗಡೆಯಾಗುವವರೆಗೆ ಇದು ಗಡಿ ನಿಲ್ದಾಣ. ಪ್ರಯಾಣಿಕರ ಗಂಟುಮೂಟೆಗಳನ್ನು ಸುಂಕದವರು ಇಲ್ಲಿ ಬಿಚ್ಚಿಸಿ ನೋಡುತ್ತಿದ್ದರು. ಆ ಸುಂಕದ ಇಲಾಖೆಯಲ್ಲೇ ಒಬ್ಬ ದೊಡ್ಡ ನಿಸರ್ಗ ವೀಕ್ಷಕ ಇದ್ದರು: ಎಡ್ವರ್ಡ್ ಹ್ಯಾಮಿಲ್ಟನ್ ಏಟ್ಕನ್. 1883ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯನ್ನು ಕಟ್ಟಿದವರಲ್ಲಿ ಒಬ್ಬರು. ಉತ್ತರ ಕನ್ನಡದಲ್ಲೂ ಗೋವಾ ಗಡಿಯಲ್ಲೂ ಕೆಲಸ ಮಾಡಿದವರು. ಡೇವಿಡ್ಸನ್, ಬೆಲ್ ಎಂಬ ಇಬ್ಬರು ಅಧಿಕಾರಿಗಳ ಜೊತೆ ಈ ಜಿಲ್ಲೆಯ ಚಿಟ್ಟೆಗಳನ್ನು ದಾಖಲಿಸಿದರು. 1902ರಲ್ಲಿ ಗೋವಾ ಗಡಿಯ ಸುಂಕದ ಕಟ್ಟೆಗಳಲ್ಲಿ ಮಲೇರಿಯಾ ಏಕೆ ಹೆಚ್ಚೆಂದು ತಿಳಿಯಲು ಸರ್ಕಾರ ಅವರನ್ನೇ ಕಳಿಸಿತು. ಆ ಓಡಾಟದಲ್ಲಿ ಅವರಿಗೆ ಸಿಕ್ಕ ಹೊಸ ಸೊಳ್ಳೆಗೆ ಅವರದೇ ಹೆಸರು ಬಂತು: ಅನಾಫಿಲಿಸ್ ಏಟ್ಕನೈ. ನೌಕರಿಯ ಜಾಗವನ್ನೇ ಅಧ್ಯಯನದ ಜಾಗ ಮಾಡಿಕೊಂಡವರು ಅವರು. ಈ ಕಾಡಿನ ನೀರಂಚಿನಲ್ಲಿ ಕೂರುವಾಗ ಅವರನ್ನು ಗೌರವದಿಂದ ನೆನೆಯುತ್ತೇನೆ.

ಗಾಡಿಯಲ್ಲಿದ್ದ ಹುಡುಗರೆಲ್ಲ ದೂಧಸಾಗರ ನೋಡಲು ಮುಂದೆ ಹೋದರು. 310 ಮೀಟರ್ ಎತ್ತರದಿಂದ ಬೀಳುವ ನೀರು ಯಾರನ್ನಾದರೂ ಸೆಳೆಯುತ್ತದೆ. ನಾನು ಹಳಿ ಬಿಟ್ಟು ಊರಿನ ರಸ್ತೆ ಹಿಡಿದೆ. ಹಳಿಯ ಮೇಲೆ ನಡೆಯುವುದು ಅಪಾಯ, ಕಾನೂನಿಗೂ ವಿರುದ್ಧ. ನನಗೆ ಬೇಕಾದ ತೊರೆ ರಸ್ತೆಯ ಮೋರಿಯ ಕೆಳಗೇ ಇತ್ತು. ಅಗಲ ಒಂದು ಮಾರು, ಆಳ ಪಾದ ಮುಳುಗುವಷ್ಟು.

ಕೊಡೆ ಬಿಡಿಸಿ ಕಲ್ಲಿನ ಮೇಲೆ ಕುಳಿತೆ. ಮೊದಲು ಏನೂ ಕಾಣುವುದಿಲ್ಲ. ನೀರಿನ ಸದ್ದು ಕಿವಿಗೆ ರೂಢಿಯಾದ ಮೇಲೆ ಅದರೊಳಗಿನ ಬೇರೆ ಸದ್ದುಗಳು ಬಿಡಿಬಿಡಿಯಾಗಿ ಕೇಳತೊಡಗಿದವು. ಕಲ್ಲುಸಂದಿಯಿಂದ ಕಪ್ಪೆಯೊಂದರ ಗಿಡ್ಡ ಕೂಗು, ದೀರ್ಘ ಮೌನ, ಮತ್ತೆ ಕೂಗು. ನೀರಿನ ಮೇಲೆ ಬಾಗಿದ ಎಲೆಯೊಂದರ ಮೇಲೆ ಲೋಳೆಯಲ್ಲಿ ಹುದುಗಿದ ಮೊಟ್ಟೆಗಳಿದ್ದವು. ಪ್ರತಿ ಮೊಟ್ಟೆಯೊಳಗೂ ಒಂದು ಕಪ್ಪು ಚುಕ್ಕೆ. ಕಪ್ಪೆಯನ್ನು ಕಾಣದೆ ಅದರ ಹೆಸರು ಬರೆಯಬಾರದು. ಎಲೆ ನೀರಿನಿಂದ ಎಷ್ಟು ಮೇಲಿದೆ, ನೆರಳು ಎಷ್ಟಿದೆ, ತುಂತುರು ತಾಗುತ್ತದೆಯೇ ಎಂಬುದನ್ನಷ್ಟೇ ಬರೆದುಕೊಂಡೆ.

ಘಟ್ಟದ ಇರುಳುಗಪ್ಪೆಗಳು ಹೀಗೆ ತೊರೆಯ ಮೇಲೆ ಬಾಗಿದ ಎಲೆಗೆ, ಒದ್ದೆ ಬಂಡೆಗೆ ಮೊಟ್ಟೆ ಅಂಟಿಸುತ್ತವೆ. ಮೊಟ್ಟೆಯೊಡೆದು ಬಂದ ಗೊದಮೊಟ್ಟೆ ಕೆಳಗಿನ ನೀರಿಗೆ ಬೀಳಬೇಕು. ಅಲ್ಲಿಯವರೆಗೆ ಲೋಳೆ ಒಣಗಬಾರದು. ಮೇಲಿನ ಮರ ಹೋದರೆ ನೆರಳು ಹೋಯಿತು, ಲೋಳೆ ಒಣಗಿತು, ಆ ವರ್ಷದ ಸಂತಾನ ಮುಗಿಯಿತು. ಇಂಥದೊಂದು ಕಪ್ಪೆಯನ್ನು, ನಿಕ್ಟಿಬ್ಯಾಟ್ರಕಸ್ ಪೆಟ್ರೇಯಸ್ ಎಂಬ ಹೆಸರಿನಿಂದ, ವಿಜ್ಞಾನಕ್ಕೆ ಮೊದಲು ಪರಿಚಯಿಸಿದ್ದು ಈ ಕ್ಯಾಸಲ್‌ರಾಕ್‌ನಿಂದಲೇ, 2005ರಲ್ಲಿ. ರೈಲು ಬಂದು ನೂರು ವರ್ಷ ದಾಟಿದ್ದ ಊರಿನಲ್ಲಿ ಹೆಸರಿಲ್ಲದ ಕಪ್ಪೆ ಅಲ್ಲಿಯವರೆಗೂ ಕೂಗುತ್ತಲೇ ಇತ್ತು.

ಮಳೆಗಾಲದ ಗಸ್ತಿನ ಗ್ಯಾಂಗ್‌ಮನ್ ಒಬ್ಬರು ಮೋರಿಯ ಮೇಲಿಂದ ಕೂಗಿದರು: "ಭಾಳ ಹೊತ್ತು ಕುಂದ್ರಬ್ಯಾಡ್ರಿ, ಜಿಗಣಿ ಹತ್ತತಾವು." ನಾನು ನೋಡುತ್ತಿದ್ದುದನ್ನು ತೋರಿಸಿದೆ. ಅವರೂ ಬಗ್ಗಿ ನೋಡಿದರು. "ನಾವೂ ರಾತ್ರಿ ನೀರನ್ನ ಕೇಳಕೋತ ಹೋಗತೇವ್ರಿ. ಹಳ್ಳದ ಸದ್ದು ಬದಲಾತಂದ್ರ, ನೀರು ರಾಡಿ ಆತಂದ್ರ, ಮ್ಯಾಲೆ ಗುಡ್ಡ ಜಾರೇದ ಅಂತ ತಿಳಕೋಬೇಕು." ಹಳಿಯ ಕ್ಷೇಮವೂ ಕಪ್ಪೆಯ ಕ್ಷೇಮವೂ ಒಂದೇ ತೊರೆಯಿಂದ ತಿಳಿಯುತ್ತದೆ ಎಂಬುದನ್ನು ಅವರಷ್ಟು ಸ್ಪಷ್ಟವಾಗಿ ಹೇಳಿದವರನ್ನು ನಾನು ಕಂಡಿಲ್ಲ.

ಘಟ್ಟದ ಅಂಚಿನಲ್ಲಿ

ಇಲ್ಲಿಂದ ಗೋವಾದ ಕುಳೆಂಗೆ ಹಳಿ ಕಡಿದಾಗಿ ಇಳಿಯುತ್ತದೆ: 37 ಮೀಟರ್ ಸಾಗಿದರೆ 1 ಮೀಟರ್ ಇಳಿತ. ಪಡುವಣಕ್ಕೆ ಜಾರಿದ ನೀರು ದೂಧಸಾಗರದ ಮೂಲಕ ಮಹದಾಯಿಗೆ, ಮೂಡಣಕ್ಕೆ ಹರಿದದ್ದು ಕಾಳಿಗೆ ಸೇರುತ್ತದೆ. ಈ ಇಳಿಜಾರಿನಲ್ಲಿ ಎರಡನೇ ಹಳಿ ಹಾಕುವ ಯೋಜನೆಗೆ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ಕೊಟ್ಟಿದ್ದ ಒಪ್ಪಿಗೆಯನ್ನು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ರದ್ದುಮಾಡಿತು. ಹುಲಿ, ಕಾಡುಕೋಣಗಳ ಮಾತು ಆಗ ಬಹಳ ಕೇಳಿಬಂತು, ಬರಬೇಕಾದದ್ದೇ. ಆದರೆ ಕಾಡುಕೋಣ ಕಷ್ಟಪಟ್ಟಾದರೂ ಇನ್ನೊಂದು ಕಣಿವೆಗೆ ನಡೆದೀತು. ಎಲೆಗೆ ಅಂಟಿದ ಮೊಟ್ಟೆ ಎಲ್ಲಿಗೂ ಹೋಗಲಾರದು.

ಆದ್ದರಿಂದ ಈ ಘಟ್ಟಕ್ಕೆ ಮುಂದೆ ಯಾವ ಯೋಜನೆ ಬಂದರೂ ಕಡಿಯುವ ಮರಗಳ ಲೆಕ್ಕದ ಜೊತೆಗೆ ತೊರೆಗಳ ಲೆಕ್ಕವನ್ನೂ ಕೇಳಬೇಕು: ಎಷ್ಟು ತೊರೆ, ಯಾವುದಕ್ಕೆ ಎಷ್ಟು ನೆರಳು, ಮಳೆ ನಿಂತ ಮೇಲೆ ಯಾವುದು ಎಷ್ಟು ದಿನ ಹರಿಯುತ್ತದೆ. ಆ ಪಟ್ಟಿ ಮಾಡಲು ದೊಡ್ಡ ಉಪಕರಣ ಬೇಡ. ಹಳಿಯಾಳ, ದಾಂಡೇಲಿ, ಜೋಯಿಡಾದ ಕಾಲೇಜು ಹುಡುಗ ಹುಡುಗಿಯರು ಮಳೆಗಾಲದಲ್ಲೊಮ್ಮೆ ಇಲ್ಲಿ ಇಳಿದು, ಊರ ರಸ್ತೆಯ ಒಂದೊಂದು ಮೋರಿಯ ಬಳಿ ಅರ್ಧ ದಿನ ಕುಳಿತು, ಕಂಡದ್ದನ್ನು ತಾರೀಖು ಹಾಕಿ ಬರೆದಿಟ್ಟರೆ ಸಾಕು. ವರ್ಷ ವರ್ಷ ಬರೆದ ಆ ಪುಸ್ತಕಗಳಿದ್ದರೆ ಮುಂದೊಂದು ದಿನ ಈ ಘಟ್ಟದ ಪರವಾಗಿ ಮಾತಾಡುವವರು ಬರಿಗೈಯಲ್ಲಿ ನಿಲ್ಲಬೇಕಾಗುವುದಿಲ್ಲ.